ಸಾವಿರ ಸುಳ್ಳು ಹೇಳಿ ಒಂದು ಫ್ಲಾಪಿ

ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅನ್ನುತ್ತಾರಲ್ಲ, ಆ ಮಾತನ್ನು ಅಕ್ಷರಶಃ ಪಾಲಿಸುವ ಒಂದು ಡಬ್ಬಿ ಇದೆ. ಹೆಸರು ಗೋಟೆಕ್. ಗಂಡು 1990ರ ದಶಕದ ಹಟಮಾರಿ 486 ಕಂಪ್ಯೂಟರ್. ಉಂಡರೆ ಮೂರೂವರೆ ಇಂಚಿನ ಫ್ಲಾಪಿಯನ್ನೇ ಉಣ್ಣುತ್ತೇನೆ ಅನ್ನುತ್ತದೆ. ಹೆಣ್ಣು ಮೊನ್ನೆ ಮೊನ್ನೆ ಹುಟ್ಟಿದ ಪೆನ್‌ಡ್ರೈವ್. ಮುಖ ನೋಡಿದರೆ ಆಗುವ ಸಂಬಂಧವಲ್ಲ. ನಡುವೆ ಕೂತು ಇಬ್ಬರಿಗೂ ಬೇಕಾದ್ದನ್ನು ಹೇಳುವ ದಲ್ಲಾಳಿ ಈ ಗೋಟೆಕ್.

ಹೊರಗಿನಿಂದ ಫ್ಲಾಪಿ ಡ್ರೈವಿನದೇ ಅಳತೆ. ಮುಂದೆ ಒಂದು ಯುಎಸ್‌ಬಿ ಕಿಂಡಿ, ಎರಡು ಗುಂಡಿ, ಮೂರಂಕಿಯ ಪುಟ್ಟ ಪರದೆ. ಒಳಗೆ ಮೋಟರೂ ಇಲ್ಲ, ಡಿಸ್ಕನ್ನು ಓದಿ ಬರೆಯುವ ಹೆಡ್ಡೂ ಇಲ್ಲ. ನಿಜವಾದ ಡಿಸ್ಕ್ ನಿಮಿಷಕ್ಕೆ 300 ಸುತ್ತು ತಿರುಗುವುದರಿಂದ, ಇದು 200 ಮಿಲಿಸೆಕೆಂಡಿಗೊಮ್ಮೆ ‘ಹ್ಞಾಂ, ಒಂದು ಸುತ್ತಾಯಿತು’ ಎಂದು ಕಂಪ್ಯೂಟರಿಗೆ ವರದಿ ಒಪ್ಪಿಸುತ್ತಿರುತ್ತದೆ. ತಿರುಗುವುದಕ್ಕೆ ಅಲ್ಲಿ ಏನೂ ಇಲ್ಲ.

ನಿಜವಾದ ಫ್ಲಾಪಿಯನ್ನೇ ಬಳಸಬಾರದೇ ಅಂದರೆ, ಜಪಾನಿನಲ್ಲಿ ಸೋನಿ 2011ರಲ್ಲೇ ಮಾರಾಟ ನಿಲ್ಲಿಸಿತು. ಅಟ್ಟದ ಮೇಲಿನವು ಮಲೆನಾಡಿನ ಒಂದೆರಡು ಮಳೆಗಾಲ ಕಂಡಿದ್ದರೆ ಬೂಷ್ಟು ಹಿಡಿದಿರುತ್ತವೆ. ಒಂದನ್ನು ತುರುಕಿದರೆ ಹೆಡ್ಡಿಗೆ ಕೊಳೆ ಮೆತ್ತುತ್ತದೆ, ಆ ಹೆಡ್ಡು ಮುಂದಿನ ಒಳ್ಳೆಯ ಡಿಸ್ಕನ್ನೂ ಕೆರೆದುಹಾಕುತ್ತದೆ. ಹಾಗಾಗಿ ಹಳೇ ಡ್ರೈವ್ ಬಿಚ್ಚುವ ಮುಂಚೆಯೇ ಓದಲು ಬರುವ ಫ್ಲಾಪಿಗಳನ್ನೆಲ್ಲ ಇಮೇಜ್ ಮಾಡಿಟ್ಟುಕೊಳ್ಳಿ, ಅಂದರೆ ಇಡೀ ಡಿಸ್ಕಿನ ಪಡಿಯಚ್ಚನ್ನು ಒಂದೇ ಫೈಲಿಗೆ ಇಳಿಸಿಕೊಳ್ಳಿ. ಬಿಚ್ಚಿದ ಮೇಲೆ ನೆನಪಾಗುವುದು ವಾಡಿಕೆ.

ಗೋಟೆಕ್ ಒಳಗಿನ ಚಿಪ್ಪನ್ನು ನಡೆಸುವ ತಂತ್ರಾಂಶವೇ ಫರ್ಮ್‌ವೇರ್. ಕಾರ್ಖಾನೆಯಿಂದ ಬರುವುದು ಫ್ಲಾಪಿ ಉಣ್ಣುವ ಕಸೂತಿ ಯಂತ್ರಕ್ಕೆ ಸಾಕು, ನಮಗೆ ಸಾಲದು. ಕೀರ್ ಫ್ರೇಸರ್ ಬರೆದ ಫ್ಲಾಶ್‌ಫ್ಲಾಪಿ ಎಂಬ ಉಚಿತ ಫರ್ಮ್‌ವೇರ್ ಹಾಕಬೇಕು. ಅದಕ್ಕೆ ಎರಡೂ ತುದಿ ಗಂಡಾಗಿರುವ ಯುಎಸ್‌ಬಿ ಕೇಬಲ್ ಬೇಕು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಕೇಳಿದರೂ ಮೊದಲು ಕೈಗೆ ಬರುವುದು ಒಂದು ತುದಿ ಹೆಣ್ಣಾದ ಎಕ್ಸ್‌ಟೆನ್ಶನ್; ಅಂಗಡಿಯಲ್ಲೇ ಎರಡೂ ತುದಿ ನೋಡಿ ಕಾಸು ಕೊಡಿ. ಗೋಟೆಕ್ ಬೋರ್ಡಿನ ಬೂಟ್ ಪಿನ್ನುಗಳಿಗೆ ಜಂಪರ್ (ಎರಡು ಪಿನ್ ಜೋಡಿಸುವ ಪುಟ್ಟ ಟೋಪಿ) ಹಾಕಿ ಕಂಪ್ಯೂಟರಿಗೆ ಚುಚ್ಚಿದರೆ ಹೊಸ ಫರ್ಮ್‌ವೇರ್ ತುಂಬಿಸಿಕೊಳ್ಳಲು ಚಿಪ್ ಎದ್ದು ಕೂರುತ್ತದೆ. ಚಿಪ್ಪಿಗೆ ಕಾರ್ಖಾನೆ ಹಾಕಿದ ಬೀಗ ತೆಗೆದ ಕ್ಷಣ ಹಳೇ ಫರ್ಮ್‌ವೇರ್ ಅಳಿದುಹೋಗುತ್ತದೆ, ಮತ್ತೆ ಸಿಗುವುದಿಲ್ಲ. ಈ ಹೊತ್ತಿನಲ್ಲಿ ಗೋಟೆಕ್‌ಗೆ ಬೇರೆ ಪವರ್ ಕೊಡಬೇಡಿ, ಯುಎಸ್‌ಬಿಯದೇ ಸಾಕು. ಪ್ರತಿ ಸಲ ಇಷ್ಟೆಲ್ಲ ಮಾಡಬೇಕಾ ಎಂದು ಹೆದರಬೇಡಿ; ಮುಂದಿನ ಅಪ್‌ಡೇಟುಗಳಿಗೆ ಫೈಲನ್ನು ಪೆನ್‌ಡ್ರೈವಿಗೆ ಹಾಕಿ, ಎರಡೂ ಗುಂಡಿ ಒತ್ತಿಹಿಡಿದು ಆನ್ ಮಾಡಿದರಾಯಿತು.

ಪವರ್ ಕನೆಕ್ಟರ್ ವಿಷಯದಲ್ಲಿ ತಮಾಷೆ ಬೇಡ. ನಾಲ್ಕು ತಂತಿ: ಕೆಂಪು 5 ವೋಲ್ಟ್, ಎರಡು ಕಪ್ಪು, ಹಳದಿ 12 ವೋಲ್ಟ್. ಗೋಟೆಕ್‌ಗೆ ಬೇಕಾದ್ದು 5 ಮಾತ್ರ. ಡಬ್ಬಿಯ ಹಿಂದೆ ಆ ನಾಲ್ಕು ಪಿನ್ನುಗಳು ಸರಿಯಾದ ಗೋಡೆ ಬೇಲಿ ಇಲ್ಲದೆ ನಿಂತಿರುತ್ತವೆ. ಕತ್ತಲಲ್ಲಿ ಕೈಯಾಡಿಸಿ ತಿರುಗಾಮುರುಗಾ ಚುಚ್ಚಿದರೆ 5ರ ಜಾಗಕ್ಕೆ 12 ನುಗ್ಗುತ್ತದೆ. ಊದಿನಕಡ್ಡಿಯಷ್ಟೇ ಹೊಗೆ, ಅಲ್ಲಿಗೆ ದಲ್ಲಾಳಿಯ ಕಥೆ ಮುಗಿಯಿತು. ಟಾರ್ಚ್ ಹಿಡಿದು ನೋಡಿಯೇ ಚುಚ್ಚಿ.

ಡ್ರೈವಿಗೂ ಕಂಪ್ಯೂಟರಿಗೂ ಮಾತು ಸಾಗಿಸುವ 34 ಪಿನ್ನಿನ ಪಟ್ಟಿ ಕೇಬಲ್ ಅಷ್ಟು ಕ್ರೂರಿಯಲ್ಲ. ಕೆಂಪು ಗೆರೆಯ ಕಡೆ ಒಂದನೇ ಪಿನ್. ಬೆಸಸಂಖ್ಯೆಯ ಪಿನ್ನುಗಳೆಲ್ಲ ಗ್ರೌಂಡ್. ತಿರುಗಿಸಿ ಹಾಕಿದರೆ ಎಲ್ಲ ಸಂಕೇತವೂ ಗ್ರೌಂಡಿಗೆ ಬಿದ್ದು, ಎಲ್ಲದಕ್ಕೂ ಒಟ್ಟಿಗೇ ‘ಹೌದು’ ಅಂದ ಹಾಗಾಗುತ್ತದೆ. ದೀಪ ಹತ್ತಿದ್ದು ಆರುವುದೇ ಇಲ್ಲ. ಆಫ್ ಮಾಡಿ ತಿರುಗಿಸಿ. ಪಿಸಿಯ ಕೇಬಲಿನಲ್ಲಿ 10ರಿಂದ 16ರವರೆಗಿನ ತಂತಿಗಳು ಒಂದು ಕಡೆ ತಿರುಚಿಕೊಂಡಿರುತ್ತವೆ. ಅದು ಕೆಟ್ಟದ್ದಲ್ಲ, ಅದನ್ನು ನೆಟ್ಟಗೆ ಮಾಡಲು ಹೋಗಬೇಡಿ. ತಿರುಚಿದ ತುದಿಯಲ್ಲಿದ್ದದ್ದು ಎ ಡ್ರೈವ್. ಹೀಗಿರುವಾಗ ಇದು ಎಷ್ಟನೇ ಡ್ರೈವ್ ಎಂದು ಹೇಳುವ ಗೋಟೆಕ್ ಜಂಪರ್ ಎಸ್1ರಲ್ಲಿರಬೇಕು. ಅಮಿಗಾ, ಅಟಾರಿ ಎಸ್‌ಟಿ ಎಂಬ ಹಳೇ ಮನೆಬಳಕೆಯ ಕಂಪ್ಯೂಟರಿನವರಿಗೆ ಎಸ್0.

ನನ್ನ ಮಟ್ಟಿಗೆ ಇಡೀ ಆಟದ ಅತಿ ತರಲೆ ಗಿರಾಕಿ 34ನೇ ಪಿನ್. ಹಳೇ ಫ್ಲಾಪಿ ಡ್ರೈವ್ ಕಂಪನಿ ಶುಗಾರ್ಟಿನ ಸಂಪ್ರದಾಯದಲ್ಲಿ ಅದರ ಅರ್ಥ ‘ನಾನು ಸಿದ್ಧ’. ಐಬಿಎಂ ಪಿಸಿ ಸಂಪ್ರದಾಯದಲ್ಲಿ ‘ಡಿಸ್ಕ್ ಬದಲಾಯಿತು’. ಒಂದೇ ತಂತಿ, ಎರಡು ಭಾಷೆ. ಫ್ಲಾಶ್‌ಫ್ಲಾಪಿ ತಾನಾಗಿ ಮಾತಾಡುವುದು ಶುಗಾರ್ಟ್ ಭಾಷೆ. ಜೆಸಿ ಎಂಬ ಜಂಪರ್ ಮುಚ್ಚಿದರೆ ಪಿಸಿ ಭಾಷೆ. ಮುಚ್ಚಲು ಮರೆತರೆ ಅದು ‘ಸಿದ್ಧ, ಸಿದ್ಧ’ ಅನ್ನುತ್ತದೆ, ಪಿಸಿಗೆ ‘ಬದಲಾಯಿತು, ಬದಲಾಯಿತು’ ಎಂದು ಕೇಳಿಸುತ್ತದೆ. ಇದಕ್ಕಿಂತ ಭಯಂಕರ, ಸಂಕೇತ ತಲುಪದೇ ಹೋಗುವುದು. ಆ ಒಂದು ಪಿನ್ ಬಾಗಿದೆ ಅನ್ನಿ. ಗೋಟೆಕ್‌ನಲ್ಲಿ ಎರಡನೇ ಇಮೇಜಿಗೆ ಹೋಗಿ, ಫೈಲುಗಳ ಪಟ್ಟಿ ಕೇಳುವ ಡಿಐಆರ್ ಆದೇಶ ಒತ್ತುತ್ತೀರಿ, ಮೊದಲನೆಯದರದೇ ಪಟ್ಟಿ ಬರುತ್ತದೆ. ಪರವಾಗಿಲ್ಲ ಎಂದು ಒಂದು ಫೈಲ್ ಸೇವ್ ಮಾಡಿದಿರೋ, ಹಳೇ ಪಿಸಿಯನ್ನು ನಡೆಸುವ ಡಾಸ್, ಯಾವ ಫೈಲ್ ಎಲ್ಲಿದೆ ಎಂಬ ಮೊದಲನೇ ಡಿಸ್ಕಿನ ಲೆಕ್ಕದ ಪುಸ್ತಕವನ್ನು ಎರಡನೆಯದರ ಮೇಲೆ ಬರೆದುಬಿಡುತ್ತದೆ. ಪಕ್ಕದ ಮನೆಯ ಖಾತೆಯನ್ನು ನಮ್ಮ ಹೆಸರಿಗೆ ಮಾಡಿಸಿಕೊಂಡ ಹಾಗೆ. ಪಟ್ಟಿ ಬದಲಾಗದಿದ್ದರೆ ಏನನ್ನೂ ಸೇವ್ ಮಾಡದೆ ಮೊದಲು ಕೇಬಲ್ ನೋಡಿ.

ಪೆನ್‌ಡ್ರೈವನ್ನು ಫ್ಯಾಟ್32 ಎಂಬ ಮಾದರಿಯಲ್ಲಿ ಫಾರ್ಮ್ಯಾಟ್ ಮಾಡಿರಲಿ, 32 ಜಿಬಿ ಒಳಗಿದ್ದರೆ ವಿಂಡೋಸ್ ತಕರಾರು ತೆಗೆಯುವುದಿಲ್ಲ. ಅದಕ್ಕೆ ಆಟದ ಫೈಲುಗಳನ್ನೆಲ್ಲ ಸುರಿದು ‘ಎ ಡ್ರೈವಿನಲ್ಲಿ ಕಾಣುತ್ತಿಲ್ಲವಲ್ಲ’ ಎಂದು ಗೋಳಾಡುವವರು ಬಹಳ. ಗೋಟೆಕ್ ಪೆನ್‌ಡ್ರೈವನ್ನು ತೋರಿಸುವುದಿಲ್ಲ, ಅದರೊಳಗಿನ ಒಂದು ಇಮೇಜನ್ನು ಫ್ಲಾಪಿ ಎಂದು ನಂಬಿಸುತ್ತದೆ, ಅಷ್ಟೆ. ಇಮೇಜಿನ ತೂಕವೂ ಸರಿಯಿರಬೇಕು: 80 ಟ್ರ್ಯಾಕ್, 2 ಬದಿ, 18 ಸೆಕ್ಟರ್, ತಲಾ 512 ಬೈಟ್, ಒಟ್ಟು 14,74,560. ಇದನ್ನು 1.44 ಎಂಬಿ ಎಂದು ಕರೆದದ್ದೇ ಒಂದು ಸುಳ್ಳು, ಒಮ್ಮೆ 1000ದಿಂದ ಒಮ್ಮೆ 1024ರಿಂದ ಭಾಗಿಸಿ ಹುಟ್ಟಿಸಿದ ಅಂಕಿ. ಅಮಿಗಾದ್ದು 9,01,120. ಐಬಿಎಂನ ಹಳೇ ಪಿಸಿ ಎಕ್ಸ್‌ಟಿಯ ಮೂಲ ಫ್ಲಾಪಿ ಕಂಟ್ರೋಲರಿಗೆ 1.44ರ ಇಮೇಜ್ ಬಡಿಸಬೇಡಿ; ಅದು ಸೆಕೆಂಡಿಗೆ 250 ಕಿಲೋಬಿಟ್ ನುಂಗುವ ಜೀವ, ಇದು 500ರ ವೇಗದಲ್ಲಿ ಸುರಿಯುತ್ತದೆ. 360 ಅಥವಾ 720 ಕೆಬಿಯ ಇಮೇಜ್ ಕೊಡಿ.

ಇನ್ನು ಸದ್ದು. ಕರ್ ಕರ್ ಟಕ್ ಇಲ್ಲದೆ ಡಾಸ್ ಬೂಟ್ ಆದರೆ ಏನೋ ಕೆಟ್ಟಿದೆ ಅನ್ನಿಸುತ್ತದೆ. ಅದಕ್ಕೂ ವ್ಯವಸ್ಥೆ ಇದೆ: ಒಂದು ಪುಟ್ಟ ಪೀಜೋ ಬಜರನ್ನು ಬೋರ್ಡಿಗೆ ಬೆಸೆದು, ಪೆನ್‌ಡ್ರೈವಿನಲ್ಲಿರುವ ಫ್ಲಾಶ್‌ಫ್ಲಾಪಿಯ ಸೆಟ್ಟಿಂಗ್ ಫೈಲಾದ ಎಫ್‌ಎಫ್ ಡಾಟ್ ಸಿಎಫ್‌ಜಿಯಲ್ಲಿ ಸ್ಟೆಪ್-ವಾಲ್ಯೂಮ್ ಎಂಬ ಸಾಲಿಗೆ 0ಯಿಂದ 20ರೊಳಗಿನ ಅಂಕಿ ಕೊಡಿ. ಇಲ್ಲದ ಹೆಡ್ಡು ಇಲ್ಲದ ಡಿಸ್ಕಿನ ಮೇಲೆ ಟಕಟಕ ಓಡಾಡುತ್ತದೆ. 20 ಇಟ್ಟರೆ ಅಡುಗೆಮನೆಯಿಂದ ‘ಮತ್ತೆ ಏನು ಬಿಚ್ಚಿ ಕೂತೆ?’ ಎಂಬ ಪ್ರಶ್ನೆ ಬರುತ್ತದೆ. 10 ಸಾಕು.