ಬೇಡದ್ದೆಲ್ಲ ಕಡ್ಡಾಯ, ಬೇಕಾದ್ದು ಆಫ್!

25 ಮನೆಯ ಚೌಕಾಬಾರಕ್ಕೆ ವಿಡಿಯೋ ಡಿಕೋಡರ್ ಯಾಕ್ರೀ ಬೇಕು? ನಾಲ್ಕು ಕವಡೆ, ಒಬ್ಬೊಬ್ಬರಿಗೆ ನಾಲ್ಕು ಕಾಯಿ. ನಾಲ್ಕೂ ಅಂಗಾತ ಬಿದ್ದರೆ ಚೌಕ, ನಾಲ್ಕೂ ಬೋರಲು ಬಿದ್ದರೆ ಬಾರ. ನಮ್ಮ ಮೈಸೂರಿನ ಜಗಲಿಗಳ ಮೇಲೆ ಸೀಮೆಸುಣ್ಣದಲ್ಲಿ ಗೀಚಿ ಆಡುತ್ತಿದ್ದ ಆಟ. ಇದನ್ನು ಫೋನಿಗೆ ತರೋಣ ಅಂತ ಒಂದು ಓಪನ್ ಸೋರ್ಸ್ ಗೇಮ್ ಎಂಜಿನ್ (ಆಟ ಕಟ್ಟಲು ತಳಪಾಯವಾಗುವ ಸಾಫ್ಟ್‌ವೇರ್) ಇಳಿಸಿಕೊಂಡೆ.

ಬಿಲ್ಡ್‌ಗೆ, ಅಂದರೆ ಕೋಡನ್ನು ಓಡುವ ಪ್ರೋಗ್ರಾಮ್ ಮಾಡೋಕೆ, ಹಾಕಿದ ಕೂಡಲೇ ಶುರು. ವಿಡಿಯೋ ಡಿಕೋಡರ್ ಬೇಕಂತೆ, ಫಿಸಿಕ್ಸ್ ಬೇಕಂತೆ, ಗೂಢಲಿಪಿಗೆ ಓಪನ್‌ಎಸ್‌ಎಸ್‌ಎಲ್ ಬೇಕಂತೆ, ಸಿ ಪ್ಲಸ್ ಪ್ಲಸ್ ಲೈಬ್ರರಿಗಳ ಕಟ್ಟು ಬೂಸ್ಟ್ ಬೇಕಂತೆ, ಕಿಟಕಿ, ಬಟನ್ ಮಾಡಿಕೊಡುವ ಕ್ಯೂಟಿ ಬೇಕಂತೆ. ಬೂಸ್ಟ್ ಎಲ್ಲಿ ಬಳಸಿದ್ದಾರೆ ಅಂತ ಹುಡುಕಿದೆ. ಫೋಲ್ಡರ್ ಹೆಸರು ಜೋಡಿಸೋಕೆ! ಸಿ ಪ್ಲಸ್ ಪ್ಲಸ್ 17ರಿಂದ ಆ ಕೆಲಸ ಭಾಷೆಯ ಜೊತೆಗೇ ಬರುತ್ತದೆ.

ಕ್ಯೂಟಿ ಇರುವುದು ಎಂಜಿನ್ ಜೊತೆ ಬರುವ ಎಡಿಟರ್‌ಗೆ ಮಾತ್ರ. ನನಗೆ ಎಡಿಟರ್ ಬೇಡ. ಬಿಲ್ಡ್‌ನಲ್ಲಿ ಏನೇನು ಇರಬೇಕು ಅಂತ ಹೇಳುವ ಸಿಮೇಕ್‌ನಲ್ಲಿ ಎಡಿಟರ್ ಆಪ್ಷನ್ ಆಫ್ ಮಾಡಿದೆ. ಆದರೂ ಕ್ಯೂಟಿ ಸಿಗಲಿಲ್ಲ ಅಂತ ಎರರ್ ಕೊಟ್ಟು ನಿಂತುಬಿಟ್ಟಿತು. ಫೈಲ್ ತೆಗೆದು ನೋಡಿದರೆ, ಕ್ಯೂಟಿ ಹುಡುಕುವ ಸಾಲು ಆ ಷರತ್ತಿನಿಂದ ಹೊರಗೆ, ಎಲ್ಲಕ್ಕಿಂತ ಮೇಲೆ, 'ರಿಕ್ವೈರ್ಡ್' ಅಂತ ಹಾಕಿಸಿಕೊಂಡು ಕೂತಿದೆ. ಮತ್ತೆ ಆ ಆಪ್ಷನ್ ಯಾಕೆ ಕೊಟ್ಟಿರಿ?

ಇದಕ್ಕಿಂತ ಹೊಟ್ಟೆ ಉರಿಯುವ ವಿಷಯ ಹಾರ್ಫ್‌ಬಜ್ ಅನ್ನುವ ಲೈಬ್ರರಿಯದು. ಕನ್ನಡ ಸರಿಯಾಗಿ ಕಾಣಬೇಕಾದರೆ ಅದು ಬೇಕೇ ಬೇಕು. ಫಾಂಟ್ ಓದುವ ಫ್ರೀಟೈಪ್ ಲೈಬ್ರರಿ ಅಕ್ಷರದ ಆಕಾರ ಬರೆಯುತ್ತದೆ ಅಷ್ಟೇ. ಯಾವ ಆಕಾರ ಎಲ್ಲಿ ಕೂರಬೇಕು ಅನ್ನುವುದು ಹಾರ್ಫ್‌ಬಜ್ ಕೆಲಸ. ಅದಿಲ್ಲದಿದ್ದರೆ 'ಕಟ್ಟೆ' ಅನ್ನುವ ಪದದ ಒತ್ತು ಕೆಳಗೆ ಬೀಳುವುದಿಲ್ಲ, ಅಕ್ಷರಗಳೆಲ್ಲ ಚೆಲ್ಲಾಪಿಲ್ಲಿ. ಈ ಪುಣ್ಯಾತ್ಮರು ಆಫ್ ಮಾಡಿ ಇಟ್ಟಿರುವುದು ಅದೊಂದನ್ನೇ! ನಮ್ಮ ಭಾಷೆ ಅವರ ಲೆಕ್ಕಕ್ಕೇ ಇಲ್ಲ ಅಲ್ವಾ?

'ಬೇಡದ್ದನ್ನು ಲಿಂಕರ್ (ಬಿಲ್ಡ್‌ನ ಕೊನೆಗೆ ತುಂಡುಗಳನ್ನು ಜೋಡಿಸುವ ಟೂಲ್) ತೆಗೆದುಹಾಕುತ್ತೆ, ಸುಮ್ನೆ ತಲೆ ಕೆಡಿಸಿಕೊಳ್ಳಬೇಡಿ' ಅನ್ನುವವರಿದ್ದಾರೆ. ಎಂಜಿನ್ ಶುರುವಾಗುವಾಗಲೇ ಎಲ್ಲ ಮಾಡ್ಯೂಲ್‌ಗಳನ್ನೂ ಕರೆಯುತ್ತದೆ. ಕರೆದದ್ದನ್ನು ಲಿಂಕರ್ ಹೇಗೆ ತೆಗೆಯುತ್ತದೆ ಸ್ವಾಮಿ? ಅದೆಲ್ಲ ಕೊನೆಗೆ ಆಟದ ಸೈಜಿಗೇ ಸೇರುತ್ತದೆ. ಮಂಡ್ಯದಲ್ಲಿರುವ ನಮ್ಮತ್ತೆಯ ಫೋನಿನಲ್ಲಿ ಒಂದು ಫೋಟೋಗೂ ಜಾಗವಿಲ್ಲ. ಎಂಟು ಜಿಬಿ ಲ್ಯಾಪ್‌ಟಾಪ್, ಮೊಬೈಲ್ ಹಾಟ್‌ಸ್ಪಾಟ್ ಇಟ್ಟುಕೊಂಡು ಕಲಿಯುವ ಇಲ್ಲಿನ ಹುಡುಗರು ಇದನ್ನೆಲ್ಲ ಇಳಿಸಿ ಕಂಪೈಲ್ ಮಾಡೋದು ಯಾವಾಗ?

ಸೈಜ್ ಹಾಳಾಗಲಿ, ಭದ್ರತೆ? 2024ರಲ್ಲಿ ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಲೈಬ್ರರಿಯಲ್ಲಿ ಯಾರೋ ಕದ್ದು ಇಟ್ಟ ಹಿಂಬಾಗಿಲು ಸಿಕ್ಕಿತಲ್ಲ, ಅದರ ಗುರಿ ದೂರದ ಕಂಪ್ಯೂಟರಿಗೆ ಲಾಗಿನ್ ಆಗಲು ಬಳಸುವ ಎಸ್‌ಎಸ್‌ಎಚ್. ಎಸ್‌ಎಸ್‌ಎಚ್‌ಗೆ ಆ ಲೈಬ್ರರಿ ಬೇಕೇ ಇರಲಿಲ್ಲ. ಕೆಲವು ಲಿನಕ್ಸ್‌ಗಳಲ್ಲಿ, ಹಿನ್ನೆಲೆಯ ಸೇವೆಗಳನ್ನು ನಡೆಸುವ ಸಿಸ್ಟಮ್‌ಡಿ ಜೊತೆ ಒಳಗೆ ಬಂದಿತ್ತು. ಲಾಗಿನ್ ಅರ್ಧ ಸೆಕೆಂಡು ತಡವಾಗುತ್ತಿದೆ ಅಂತ ಒಬ್ಬ ಎಂಜಿನಿಯರ್ ಬೆನ್ನುಹತ್ತಿ ನೋಡಿದ್ದಕ್ಕೆ ಬಚಾವಾದೆವು. ಇಷ್ಟಾದ ಮೇಲೂ ಬುದ್ಧಿ ಬರಲಿಲ್ಲವೇ?

ಇಂಥ ಆಟಕ್ಕೆ ಬೇಕಾದ್ದು ಒಂದು ಕಿಟಕಿ, ಒಂದಿಷ್ಟು ಚಿತ್ರ, ಸ್ವಲ್ಪ ಶಬ್ದ. ಮಿಕ್ಕ ಎಲ್ಲ ಆಪ್ಷನ್ ಆಫ್ ಮಾಡಿದರೂ ಎಂಜಿನ್ ಬಿಲ್ಡ್ ಆಗಬೇಕು. ಪ್ರತಿ ರಿಲೀಸಿಗೂ ಮೊದಲು ಹಾಗೆ ಬಿಲ್ಡ್ ಮಾಡಿ ನೋಡಿ. ಹಾರ್ಫ್‌ಬಜ್ ಮಾತ್ರ ಮೊದಲಿನಿಂದಲೇ ಆನ್ ಇರಲಿ.