ಅಗ್ಗದ ವಿಮಾನ ಸಂಸ್ಥೆಯ ಹಾರಾಟವನ್ನೇ ಪೂರ್ತಿ ನಿಲ್ಲಿಸಬೇಕಾ? ಪರ – ವಿರೋಧ

ಸುರಕ್ಷತೆಯಲ್ಲಿ ಲೋಪ ಕಂಡಾಗ ನಿಯಂತ್ರಕರು ತಪ್ಪು ಸಿಕ್ಕ ವಿಮಾನವನ್ನಷ್ಟೇ ನಿಲ್ಲಿಸಿದರೆ ಸಾಕೇ, ಇಡೀ ಸಂಸ್ಥೆಯನ್ನೇ ಗ್ರೌಂಡ್ ಮಾಡಬೇಕೇ? ಬೆಂಗಳೂರಿನ ಇಬ್ಬರಿಗೆ ಒಂದೊಂದು ಪಕ್ಷ ಕೊಟ್ಟು ಬರೆಯಲು ಕೇಳಿದೆವು.

ಪರ: ಸಹಿ ನಂಬಲಾಗದಿದ್ದರೆ ವಿಮಾನ ಏಳಬಾರದು
(ನಿವೃತ್ತ ವಿಮಾನ ನಿರ್ವಹಣಾ ಎಂಜಿನಿಯರ್, ಮಾರತ್ತಹಳ್ಳಿ)

ವಿಮಾನ ಹೊರಡುವ ಮುಂಚೆ ಒಬ್ಬ ಎಂಜಿನಿಯರ್ ವಿಮಾನ ಹಾರಲು ಸರಿಯಿದೆ ಎಂದು ಟೆಕ್ ಲಾಗ್ ಪುಸ್ತಕದಲ್ಲಿ ಸಹಿ ಹಾಕುತ್ತಾನೆ. ಆ ಸಹಿ ನೋಡಿ ಪೈಲಟ್ ವಿಮಾನ ತೆಗೆದುಕೊಳ್ಳುತ್ತಾನೆ. ಅವನು ಎಂಜಿನ್ ಬಿಚ್ಚಿ ನೋಡುವುದಿಲ್ಲ. ನಮ್ಮ ವಿಮಾನಯಾನ ನಿಯಂತ್ರಕರಾದ ಡಿಜಿಸಿಎಯವರೂ ದಿನಾ ಬಂದು ನೋಡುವುದಿಲ್ಲ, ನೋಡಲು ಆಗುವುದೂ ಇಲ್ಲ. ಎಲ್ಲರೂ ಆ ಸಹಿಯನ್ನು ನಂಬಿಕೊಂಡಿರುತ್ತಾರೆ. ಮೊದಲು ಸಹಿ ಹಾಕುವವರ ಕೈಕೆಳಗೆ, ಆಮೇಲೆ ನಾನೇ ಸಹಿ ಹಾಕುತ್ತಾ ನನ್ನ ಇಡೀ ನೌಕರಿ ಕಳೆಯಿತು. ಸಹಿ ಸುಳ್ಳಾಗುವ ಕಡೆ ಒಂದೊಂದೇ ವಿಮಾನ ಪರೀಕ್ಷೆ ಮಾಡಿ ಏನೂ ಪ್ರಯೋಜನವಿಲ್ಲ. ಎಲ್ಲವನ್ನೂ ನಿಲ್ಲಿಸಲೇಬೇಕು.

1996ರ ಮೇ 11ರಂದು ಅಮೆರಿಕದಲ್ಲಿ ವ್ಯಾಲ್ಯೂಜೆಟ್ ಎಂಬ ಅಗ್ಗದ ಸಂಸ್ಥೆಯ ವಿಮಾನ ಮಯಾಮಿಯಿಂದ ಮೇಲೆದ್ದ ಸುಮಾರು ಹತ್ತು ನಿಮಿಷಕ್ಕೆ ಎವರ್‌ಗ್ಲೇಡ್ಸ್ ಜೌಗಿನಲ್ಲಿ ಬಿತ್ತು. 110 ಜನ ಸತ್ತರು. ಸರಕಿನ ಜಾಗದಲ್ಲಿ ಬೇರೆ ವಿಮಾನಗಳಿಂದ ಬಿಚ್ಚಿದ ಹಳೆಯ ಆಕ್ಸಿಜನ್ ಜನರೇಟರ್‌ಗಳಿದ್ದವು. ತಲೆಯ ಮೇಲಿಂದ ಬೀಳುತ್ತದಲ್ಲ ಮಾಸ್ಕ್, ಅದಕ್ಕೆ ಗಾಳಿ ಕೊಡುವ ಡಬ್ಬಿಗಳು. ಅವು ಒಮ್ಮೆ ಚಾಲೂ ಆದರೆ ಬೆಂಕಿ ಹತ್ತಿಸುವಷ್ಟು ಕಾಯುತ್ತವೆ. ಅದಕ್ಕೇ ಬಿಚ್ಚಿದ ಮೇಲೆ ಪ್ರತಿಯೊಂದಕ್ಕೂ ಒಂದು ಪುಟ್ಟ ಪ್ಲಾಸ್ಟಿಕ್ ಮುಚ್ಚಳ ಹಾಕಬೇಕು. ಗುತ್ತಿಗೆ ಪಡೆದ ಕಂಪನಿಯವರು ಹಾಕಿರಲಿಲ್ಲ. ಆದರೆ ಹಾಕಿದ್ದೇವೆ ಎಂದು ಕೆಲಸದ ಕಾರ್ಡಿನಲ್ಲಿ ಸಹಿ ಇತ್ತು. ಕಾಗದದಲ್ಲಿ ಅವು ಖಾಲಿ ಡಬ್ಬಿಗಳು ಎಂದು ಬರೆದಿತ್ತು.

ನನಗೆ ಇದಕ್ಕಿಂತ ಜಾಸ್ತಿ ಸಂಕಟ ಕೊಡುವುದು ಇನ್ನೊಂದು ವಿಷಯ. ವ್ಯಾಲ್ಯೂಜೆಟ್ ಅನ್ನು ಮೊದಲಿನಿಂದ ಮತ್ತೆ ಪರೀಕ್ಷಿಸುವುದು ಒಳ್ಳೆಯದು ಎಂದು ಅಲ್ಲಿನ ನಿಯಂತ್ರಕರ ಕಚೇರಿಯೊಳಗೇ ಫೆಬ್ರವರಿಯಲ್ಲಿ ಬರೆದಿಟ್ಟಿದ್ದರು. ಯಾರೂ ಅದನ್ನು ಜಾರಿಗೆ ತರಲಿಲ್ಲ. ವಿಮಾನ ಬಿದ್ದ ಮೇಲೂ ಅಲ್ಲಿನ ಸಾರಿಗೆ ಸಚಿವರು ಆ ಸಂಸ್ಥೆ ಸುರಕ್ಷಿತ ಎಂದೇ ಹೇಳಿದರು. ಕೊನೆಗೆ ಹಾರಾಟ ನಿಂತದ್ದು ಜೂನ್ 17ಕ್ಕೆ. ಫೆಬ್ರವರಿಯಲ್ಲೇ ನಿಲ್ಲಿಸಿದ್ದರೆ ಜನ ಏನನ್ನುತ್ತಿದ್ದರು? ಸುಮ್ನೆ ಸಣ್ಣ ಕಂಪನಿಗೆ ತೊಂದರೆ ಕೊಡುತ್ತಿದ್ದಾರೆ ಅನ್ನುತ್ತಿದ್ದರು.

ಇದನ್ನು ಆಸ್ಟ್ರೇಲಿಯಾದವರು ಸರಿಯಾಗಿ ಮಾಡಿದರು. 2011ರ ಜೂನ್‌ನಲ್ಲಿ ಟೈಗರ್ ಏರ್‌ವೇಸ್‌ನ ವಿಮಾನಗಳು ಮೆಲ್ಬರ್ನ್ ಕಡೆಯ ಎರಡು ನಿಲ್ದಾಣಗಳಲ್ಲಿ ಇಳಿಯುವಾಗ ಎರಡು ಸಲ ಇರಬೇಕಾದ ಕನಿಷ್ಠ ಎತ್ತರಕ್ಕಿಂತ ಕೆಳಗೆ ಬಂದವು. ಒಮ್ಮೆ ಟಲ್ಲಮರೀನ್‌ನಲ್ಲಿ, ಸುಮಾರು ಮೂರು ವಾರದ ಮೇಲೆ ಮತ್ತೆ ಆವಲಾನ್‌ನಲ್ಲಿ. ಮಾರ್ಚ್‌ನಲ್ಲೇ ಆ ಸಂಸ್ಥೆಗೆ ಕಾರಣ ಕೇಳಿ ನೋಟಿಸ್ ಹೋಗಿತ್ತು. ಜುಲೈ 2ಕ್ಕೆ ಅಲ್ಲಿನ ಸುರಕ್ಷತಾ ಪ್ರಾಧಿಕಾರ ಕಾಸಾ ಟೈಗರ್‌ನ ದೇಶದೊಳಗಿನ ಹಾರಾಟವನ್ನು ಪೂರ್ತಿ ನಿಲ್ಲಿಸಿತು. ಶಾಲೆಗಳಿಗೆ ರಜೆ ಇದ್ದ ಸಮಯ. ಯಾರೂ ಸತ್ತಿರಲಿಲ್ಲ, ಯಾವ ವಿಮಾನವೂ ಕೆಟ್ಟಿರಲಿಲ್ಲ. ಸಮಸ್ಯೆ ಇದ್ದದ್ದು ಪೈಲಟ್‌ಗಳ ತರಬೇತಿಯಲ್ಲಿ, ಸಂಸ್ಥೆ ನಡೆಸುವ ರೀತಿಯಲ್ಲಿ. ಹಾಗಿದ್ದಾಗ ಯಾವ ವಿಮಾನವನ್ನು ಅಂತ ಆರಿಸಿ ನಿಲ್ಲಿಸುತ್ತೀರಿ? ಆಗಸ್ಟ್ 12ಕ್ಕೆ, ಹೊಸ ಷರತ್ತುಗಳ ಮೇಲೆ, ಕಡಿಮೆ ಹಾರಾಟಗಳೊಂದಿಗೆ ಟೈಗರ್ ವಾಪಸ್ ಬಂತು.

ನನ್ನ ಅನುಭವ ಒಂದನ್ನು ಹೇಳಲೇಬೇಕು. ತೊಂಬತ್ತರ ದಶಕ, ಹಳೇ ಎಚ್‌ಎಎಲ್ ವಿಮಾನ ನಿಲ್ದಾಣ, ರಾತ್ರಿ ಪಾಳಿ. ನಾನಿನ್ನೂ ಹುಡುಗ. ನಮ್ಮ ಟೂಲ್ ಬೋರ್ಡಿನ ಮೇಲೆ ಪ್ರತಿ ಉಪಕರಣದ ಆಕಾರವನ್ನು ಕಪ್ಪು ಬಣ್ಣದಲ್ಲಿ ಬರೆದಿರುತ್ತಿದ್ದರು. ಏನಾದರೂ ತೆಗೆದುಕೊಂಡರೆ ಆ ಜಾಗದಲ್ಲಿ ನಮ್ಮ ನಂಬರಿನ ಹಿತ್ತಾಳೆ ಟೋಕನ್ ನೇತುಹಾಕಬೇಕು. ಬೆಳಗಿನ ಜಾವ ನಾಲ್ಕೂವರೆಗೆ ಲೆಕ್ಕ ಹಾಕುವಾಗ ನಟ್ಟು ಬಿಗಿಯುವ 10 ಎಂಎಂ ಸಾಕೆಟ್ ಇರಲಿಲ್ಲ. ಅದರ ಜಾಗದಲ್ಲಿ ಟೋಕನ್ ಕೂಡ ಇರಲಿಲ್ಲ. ಬರೀ ಕಪ್ಪು ಉಂಗುರದಂಥ ಗುರುತು. ಹೆಬ್ಬೆರಳಿನಷ್ಟು ದಪ್ಪದ ಉಕ್ಕಿನ ತುಂಡು ಅದು. ಎಂಜಿನ್‌ನೊಳಗೆ ಬಿದ್ದಿದ್ದರೆ ಬ್ಲೇಡ್‌ಗಳ ಗತಿ ಮುಗಿಯಿತು.

ಆರೂಕಾಲಿಗೆ ವಿಮಾನ ಹೊರಡಬೇಕು. ಎಂಜಿನ್‌ನ ಕೌಲ್, ಅಂದರೆ ಹೊರಗಿನ ಮುಚ್ಚಳ, ತೆಗೆದೆವು. ಟಾರ್ಚ್ ಹಿಡಿದು, ಕನ್ನಡಿ ತೂರಿಸಿ, ಕೈ ಹೋದಷ್ಟೂ ಒಳಗೆ ತಡಕಾಡಿದೆವು. ಸಿಗಲಿಲ್ಲ. ಐದೂಮುಕ್ಕಾಲಿಗೆ ಮ್ಯಾನೇಜರ್ ಬಂದರು. "ಇಷ್ಟು ಹುಡುಕಿದ್ದೀರಲ್ಲ, ಒಳಗಿಲ್ಲ ಅಂತಲೇ ಅರ್ಥ. ಸಹಿ ಹಾಕಿ, ಸಾಕೆಟ್ ಆಮೇಲೆ ಸಿಗುತ್ತೆ" ಎಂದರು. ನಮ್ಮ ಹಿರಿಯ ಎಂಜಿನಿಯರ್ ಪೆನ್ನನ್ನು ಜೇಬಿಗೆ ಸಿಕ್ಕಿಸಿಕೊಂಡು, "ನಾನು ಹಾಕಲ್ಲ ಸಾರ್. ಬೇರೆಯವರ ಕೈಲಿ ಹಾಕಿಸಿ" ಎಂದರು. ಲೈಸೆನ್ಸ್ ಇದ್ದವರು ಇನ್ನಿಬ್ಬರಿದ್ದರು. ಅವರೂ ಮುಂದೆ ಬರಲಿಲ್ಲ.

ಎರಡು ಗಂಟೆಗೆ ಪಾಳಿ ಮುಗಿಸಿ ಹೋಗಿದ್ದ ಹುಡುಗನನ್ನು ಹುಡುಕಿಕೊಂಡು ಒಬ್ಬರು ಸ್ಕೂಟರ್‌ನಲ್ಲಿ ಕೆ.ಆರ್.ಪುರಕ್ಕೆ ಹೋದರು. ಎಂಟು ಗಂಟೆ ಹೊತ್ತಿಗೆ ಅವನು ಸ್ಕೂಟರ್ ಹಿಂದೆ ಕೂತು ಬಂದ. ಸಾಕೆಟ್ ಅವನ ಮುಷ್ಟಿಯಲ್ಲೇ ಇತ್ತು. ಓವರಾಲ್ ಜೇಬಿನಲ್ಲಿ ಮನೆಗೆ ಹೋಗಿಬಿಟ್ಟಿತ್ತು. ಮುಖ ಬಿಳಿಚಿಕೊಂಡಿದ್ದ ಅವನಿಗೆ ಹಿರಿಯರು ಒಂದು ಮಾತೂ ಬೈಯಲಿಲ್ಲ. "ಒಪ್ಪಿಕೊಂಡು ತಂದೆಯಲ್ಲ, ಕಾಫಿ ಕುಡಿ ಹೋಗು" ಅಂದರು. ಬೈದರೆ ಮುಂದಿನ ಸಲ ಇನ್ನೊಬ್ಬ ಹುಡುಗ ಬಚ್ಚಿಡುತ್ತಾನೆ ಎಂದು ಅವರಿಗೆ ಗೊತ್ತಿತ್ತು. ಆಮೇಲೆ ಸಹಿ ಹಾಕಿದರು. ವಿಮಾನದಲ್ಲಿ ಯಾವ ದೋಷವೂ ಇರಲಿಲ್ಲ. ಆದರೂ ಆವತ್ತು ಮೂರು ಗಂಟೆ ನಿಲ್ಲಿಸಿದ್ದು ಸರಿ. ಇಂದಿಗೂ ಹಾಗೇ ಹೇಳುತ್ತೇನೆ.

ಮುಂದೆ ಬೇರೊಂದು ಸಂಸ್ಥೆಗೆ ಸೇರಿದೆ. ಅಲ್ಲಿ ಸಹಿ ಮೊದಲು, ಕೆಲಸ ಆಮೇಲೆ. ಬೋರ್ಡಿನಲ್ಲಿ ಏನಿದೆ, ಏನಿಲ್ಲ ಎಂದು ಕೇಳುವವರಿರಲಿಲ್ಲ. ಹನ್ನೊಂದು ತಿಂಗಳಿಗೆ ಬಿಟ್ಟೆ. ಅಂಥ ಕಡೆ ನೀವು ಯಾವ ವಿಮಾನ ನೋಡಿದರೂ ಕಾಗದ ಸರಿಯಾಗೇ ಇರುತ್ತದೆ. ಅದೇ ಭಯ.

ನಮ್ಮಲ್ಲಿ ಏನಾಗುತ್ತಿದೆ ನೋಡಿ. ಪೈಲಟ್‌ಗಳಿಗೆ ವಾರದ ವಿಶ್ರಾಂತಿಯನ್ನು 36 ಗಂಟೆಯಿಂದ 48ಕ್ಕೆ ಏರಿಸುವ ನಿಯಮ ಬಂತು. ರಾತ್ರಿ ಹೊತ್ತು ವಿಮಾನ ಇಳಿಸುವ ಸಂಖ್ಯೆಗೂ ಮಿತಿ ಬಂತು. 2025ರ ಡಿಸೆಂಬರ್‌ನಲ್ಲಿ ಇಂಡಿಗೊ ಅದಕ್ಕೆ ತಯಾರಾಗಿರಲಿಲ್ಲ. ವಿಮಾನಗಳು ಸಾಲುಸಾಲಾಗಿ ರದ್ದಾದವು. ಆಗ ಸಡಿಲವಾದದ್ದು ಯಾವುದು? ನಿಯಮ. ತಾತ್ಕಾಲಿಕ ಅಂತ ವಿನಾಯಿತಿ ಕೊಟ್ಟರು. 2010ರ ಮೇ 22ರಂದು ಮಂಗಳೂರಿನಲ್ಲಿ 158 ಜನ ಸತ್ತರಲ್ಲ, ಆ ವಿಮಾನದ ಕಾಕ್‌ಪಿಟ್ ರೆಕಾರ್ಡರ್‌ನಲ್ಲಿ ಕ್ಯಾಪ್ಟನ್‌ನ ಗೊರಕೆ ಕೇಳಿಸಿತ್ತು. ನಿದ್ದೆಯ ವಿಷಯದಲ್ಲಿ ರಿಯಾಯಿತಿ ಕೊಡುವವರು ಆ ರೆಕಾರ್ಡಿಂಗ್ ನೆನಪಿಟ್ಟುಕೊಳ್ಳಬೇಕು, ಅಲ್ವಾ?

ನಿಲ್ಲಿಸಬೇಡಿ ಎನ್ನುವವರ ಚಿಂತೆ ಟಿಕೆಟ್ ಮತ್ತು ರಜೆಯ ಬಗ್ಗೆ. ಅದಕ್ಕೆ ನಾನು ಹೆಚ್ಚು ಹೇಳುವುದಿಲ್ಲ. ಗೋವಾ ಮುಂದಿನ ತಿಂಗಳೂ ಅಲ್ಲೇ ಇರುತ್ತದೆ. ನಿಲ್ಲಿಸಲು ಹೊರಟ ಅಧಿಕಾರಿಗೆ ಧೈರ್ಯ ಕೊಡುವವರು ನಮ್ಮಲ್ಲಿ ಬಹಳ ಕಡಿಮೆ. ನಾನಂತೂ ಅವರ ಪರ.

ವಿರೋಧ: ನಿಲ್ಲಿಸುವುದು ಸುಲಭ, ಆಮೇಲೆ?
(ಟ್ರಾವೆಲ್ ಏಜೆನ್ಸಿ ನಡೆಸುವವರು, ಮಲ್ಲೇಶ್ವರ)

ವಿರೋಧ ಬರೆದುಕೊಡಿ ಎಂದು ಕೇಳಿದಾಗ ಹಿಂಜರಿದೆ. ಸುರಕ್ಷತೆ ಬೇಡ ಎಂದು ಯಾರು ಬರೆಯುತ್ತಾರೆ? ನಾನೂ ಬರೆಯುವುದಿಲ್ಲ. ಆದರೆ ಇಡೀ ಸಂಸ್ಥೆಯನ್ನು ಒಂದೇ ಏಟಿಗೆ ನಿಲ್ಲಿಸುವುದು ಮಾತ್ರ ದಾರಿಯಾ ಎಂದು ಕೇಳಬಹುದು. ಆ ಪ್ರಶ್ನೆ ನನ್ನಲ್ಲೂ ಇದೆ, ಹಾಗಾಗಿ ಒಪ್ಪಿಕೊಂಡೆ.

ನಮ್ಮ ಡಿಜಿಸಿಎ ಬೇರೆ ರೀತಿಯಲ್ಲೂ ಕೆಲಸ ಮಾಡಿ ತೋರಿಸಿದೆ. 2018ರ ಮಾರ್ಚ್‌ನಲ್ಲಿ ಪ್ರಾಟ್ ಅಂಡ್ ವಿಟ್ನಿಯ ಒಂದು ಸರಣಿಯ ಎಂಜಿನ್‌ಗಳಲ್ಲಿ ದೋಷ ಕಂಡಾಗ ಆ ಎಂಜಿನ್ ಇದ್ದ 11 ವಿಮಾನಗಳನ್ನು ಮಾತ್ರ ನಿಲ್ಲಿಸಿತು. ಎಂಟು ಇಂಡಿಗೊದವು, ಮೂರು ಗೋಏರ್‌ನವು. 2022ರ ಜುಲೈನಲ್ಲಿ ಸ್ಪೈಸ್‌ಜೆಟ್‌ನಲ್ಲಿ ಒಂದರ ಹಿಂದೊಂದು ತೊಂದರೆ ಕಂಡಾಗ ಎಂಟು ವಾರ ಅರ್ಧದಷ್ಟೇ ಹಾರಾಟ ನಡೆಸಿ ಎಂದಿತು. ಉಳಿದರ್ಧ ಹಾರುತ್ತಿದ್ದುದರಿಂದ ಸಂಸ್ಥೆಯ ಉಸಿರೂ ನಿಲ್ಲಲಿಲ್ಲ. ಇದು ಸಾಕಾಗುವುದಿಲ್ಲವೇ?

ಪರ ಬರೆದವರ ಲೇಖನ ನಾನು ನೋಡಿಲ್ಲ. ಪ್ರತಿ ಅಗ್ಗದ ವಿಮಾನವೂ ಇವತ್ತೋ ನಾಳೆಯೋ ಬೀಳುತ್ತದೆ ಎನ್ನುವ ಹಾಗೆ ಬರೆದಿರುತ್ತಾರೆ, ಅಮೆರಿಕದ ಯಾವುದಾದರೂ ಹಳೇ ಅಪಘಾತ ಹೇಳಿರುತ್ತಾರೆ. ಬೇರೆ ದೇಶದ ವಿಷಯ ಬೇರೆ. ಆಸ್ಟ್ರೇಲಿಯಾದಲ್ಲಿ ಟೈಗರ್ ಅನ್ನು ಮೊದಲು ಐದು ಕೆಲಸದ ದಿನ ಎಂದು ನಿಲ್ಲಿಸಿದರು. ಅದು ಸುಮಾರು ಆರು ವಾರಕ್ಕೆ ಎಳೆಯಿತು. ಐದು ದಿನ ಅಂತ ನಂಬಿ ಕಾದ ಪ್ರಯಾಣಿಕನ ಪಾಡೇನು?

ವಿಮಾನ ಇಲ್ಲ ಎಂದರೆ ಜನ ಮನೆಯಲ್ಲಿ ಕೂರುವುದಿಲ್ಲ. ಹುಬ್ಬಳ್ಳಿಗೆ ಹೋಗಲೇಬೇಕಾದವರು ರಾತ್ರಿ ಕಾರು ಮಾಡಿಕೊಂಡು ತುಮಕೂರು, ಚಿತ್ರದುರ್ಗದ ಹೆದ್ದಾರಿ ಹಿಡಿಯುತ್ತಾರೆ. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1.68 ಲಕ್ಷ ಜನ. ಆ ಲೆಕ್ಕ ಯಾವ ಆದೇಶದಲ್ಲೂ ಬರುವುದಿಲ್ಲ. ಇಂಡಿಗೊ ಒಂದರ ಕೈಯಲ್ಲೇ ದೇಶದ ಅರವತ್ತು ಪರ್ಸೆಂಟ್‌ಗಿಂತ ಜಾಸ್ತಿ ಪ್ರಯಾಣಿಕರಿದ್ದಾರೆ. ಅದನ್ನು ಪೂರ್ತಿ ನಿಲ್ಲಿಸುವುದಾದರೂ ಹೇಗೆ?

ಬೆಂಗಳೂರಿನಿಂದಲೇ 2003ರಲ್ಲಿ ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ ಶುರುವಾಯಿತು. ಅದಕ್ಕೂ ಮುಂಚೆ ನನ್ನ ಗಿರಾಕಿಗಳಲ್ಲಿ ವಿಮಾನ ಹತ್ತಿದವರು ಬೆರಳೆಣಿಕೆ. ಅಗ್ಗದ ಸಂಸ್ಥೆ ನಿಂತರೆ ದೊಡ್ಡವರಿಗೆ ಬೇರೆ ಟಿಕೆಟ್ ಸಿಗುತ್ತದೆ. ಇವರಿಗೆ ಸಿಗುವುದಿಲ್ಲ.

ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ 22 ಜನ ಹಿರಿಯರಿಗೆ ಕಾಶಿಗೆ ಗ್ರೂಪ್ ಬುಕಿಂಗ್ ಮಾಡಿಕೊಟ್ಟಿದ್ದೆ. ಬಹಳ ಜನಕ್ಕೆ ಅದೇ ಮೊದಲ ವಿಮಾನ. ಬ್ಯಾಗಿಗೆ 15 ಕೆಜಿ ಮಿತಿ ಎಂದು ಹೇಳಿದ್ದೆ. ಒಬ್ಬ ಅಜ್ಜಿ ತಮ್ಮ ಬ್ಯಾಗನ್ನು ಮೂರು ಸಲ ನನ್ನ ಅಂಗಡಿಗೆ ತಂದು ಕೊಕ್ಕೆ ತಕ್ಕಡಿಯಲ್ಲಿ ತೂಗಿಸಿದರು. ಮೊದಲ ಸಲ 17 ಕೆಜಿ. ಚಕ್ಕುಲಿ ಡಬ್ಬ ತೆಗೆದರು. ಎರಡನೇ ಸಲ 15.8. ಒಂದು ಸೀರೆ ತೆಗೆದರು. ಮೂರನೇ ಸಲ 14.9 ಬಂದಾಗ ಅವರ ಮುಖ ನೋಡಬೇಕಿತ್ತು.

ಹೊರಡಲು ನಾಲ್ಕು ದಿನ ಇದ್ದಾಗ ಆ ಸಂಸ್ಥೆಯ ಆ ಮಾರ್ಗದ ವಿಮಾನ ನಿಂತೇ ಹೋಯಿತು. ಎಸ್‌ಎಂಎಸ್‌ನಲ್ಲಿ 'ಕಾರ್ಯಾಚರಣೆಯ ಕಾರಣ' ಎಂದಷ್ಟೇ ಇತ್ತು. ಬೇರೆ ಸಂಸ್ಥೆಗಳ ಟಿಕೆಟ್ ಸಂಜೆಯೊಳಗೆ ಮೂರು ಪಟ್ಟಾಯಿತು. ನಾನು ಬೆಳಗ್ಗೆ ಹತ್ತಕ್ಕೆ ಕಂಪ್ಯೂಟರ್ ಮುಂದೆ ಕೂತು ಸಂಘಮಿತ್ರ ರೈಲಿನ ತತ್ಕಾಲ್ ಹಿಡಿದೆ. ಹದಿನಾಲ್ಕೇ ಸೀಟು ಸಿಕ್ಕಿತು. ಎರಡು ರಾತ್ರಿ ರೈಲಿನಲ್ಲಿ ಕೂರಲು ಆಗುವವರು ಹೋದರು. ಅಜ್ಜಿಗೆ ಮಂಡಿ ನೋವು, ಅವರು ಹೋಗಲಿಲ್ಲ. ದುಡ್ಡು ವಾಪಸ್ ಬರಲು ಐದು ತಿಂಗಳಾಯಿತು. ಪ್ರತಿ ವಾರ ಬಂದು, "ಬಂತಾಪ್ಪ?" ಎಂದು ಕೇಳುತ್ತಿದ್ದರು. ಅವರಿಗೆ ಬೇಕಿದ್ದದ್ದು ದುಡ್ಡಲ್ಲ ಎಂದು ನನಗೆ ಗೊತ್ತಿತ್ತು.

ಆ ವಿಮಾನ ನಿಂತದ್ದಕ್ಕೆ ಸರಿಯಾದ ಕಾರಣ ಇತ್ತೋ ಏನೋ. ಇದ್ದರೆ ಅಜ್ಜಿಯನ್ನು ಅದರಲ್ಲಿ ಕೂರಿಸು ಎಂದು ನಾನು ಹೇಳುವುದಿಲ್ಲ, ನನ್ನ ತಾಯಿಯನ್ನೂ ಕೂರಿಸುವುದಿಲ್ಲ. ನಾನು ಕೇಳುವುದು ಇಷ್ಟು. ನಿಲ್ಲಿಸುವ ಆದೇಶದ ಜೊತೆಗೇ ಇನ್ನೊಂದು ಹಾಳೆ ಇರಲಿ. ಟಿಕೆಟ್ ಇದ್ದವರನ್ನು ಯಾರು ಕರೆದುಕೊಂಡು ಹೋಗುತ್ತಾರೆ, ಯಾವ ದರಕ್ಕೆ, ದುಡ್ಡು ಎಷ್ಟು ದಿನದಲ್ಲಿ ವಾಪಸ್ ಎಂದು ಅದರಲ್ಲಿ ಬರೆದಿರಲಿ. ಅಜ್ಜಿಯ ಮನೆ ನಮ್ಮ ಅಂಗಡಿಯ ಹಿಂದಿನ ಅಡ್ಡರಸ್ತೆಯಲ್ಲಿದೆ. ಕಾಶಿಗೆ ಅವರಿನ್ನೂ ಹೋಗಿಲ್ಲ.