ಬ್ರಯನ್ ಜೋನ್ಸ್ ನುಡಿಸಿದ್ದನ್ನು ಮೊದಲು ಕೇಳಿ

ರೋಲಿಂಗ್ ಸ್ಟೋನ್ಸ್ ಎಂಬ ಇಂಗ್ಲೆಂಡಿನ ರಾಕ್ ಬ್ಯಾಂಡಿನ ಬ್ರಯನ್ ಜೋನ್ಸ್ ಎಂದ ಕೂಡಲೇ ಎಲ್ಲರೂ ಅವನು ಸತ್ತ ಈಜುಕೊಳದಿಂದಲೇ ಕತೆ ಶುರು ಮಾಡ್ತಾರೆ. 27 ವರ್ಷ, ಮಧ್ಯರಾತ್ರಿ, ನೀರಿನಲ್ಲಿ ಹೆಣ, ಕೊಲೆಯೋ ಅಲ್ಲವೋ. ಪ್ರತಿ ವರ್ಷ ಜುಲೈ 3 ಬಂತೆಂದರೆ ಇಂಥವೇ ವೀಡಿಯೊಗಳು. ಈ ಸಲ ಒಂದನ್ನು ಪೂರ್ತಿ ನೋಡಿದೆ. ಅಷ್ಟು ಹೊತ್ತು ಮಾತಾಡಿದ ಮನುಷ್ಯ, ಬ್ರಯನ್ ಯಾವ ವಾದ್ಯ ನುಡಿಸುತ್ತಿದ್ದ ಎಂದು ಒಂದು ಮಾತೂ ಹೇಳಲಿಲ್ಲ. ನನಗೆ ನಿಜಕ್ಕೂ ಸಿಟ್ಟು ಬಂತು. ಅದಕ್ಕೇ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗ್ತದೆ, ಓದಿ.

ರೋಲಿಂಗ್ ಸ್ಟೋನ್ಸ್ ಬ್ಯಾಂಡ್ ಕಟ್ಟಿದ್ದೇ ಅವನು. ಇಂಗ್ಲೆಂಡಿನ ಚೆಲ್ಟನಮ್ ಎಂಬ ಊರಿನವನು, 1942ರಲ್ಲಿ ಹುಟ್ಟಿದವನು, ಸಣ್ಣದಿರುವಾಗಿಂದ ಆಸ್ತಮಾ. 1962ರ ಮೇ ತಿಂಗಳಲ್ಲಿ ಲಂಡನ್ನಿನ 'ಜಾಝ್ ನ್ಯೂಸ್' ಪತ್ರಿಕೆಗೆ ಜಾಹೀರಾತು ಕೊಟ್ಟು, ಬ್ಯಾಂಡಿಗೆ ಜನ ಬೇಕು ಎಂದ. ಮೊದಲು ಬಂದವನು ಪಿಯಾನೋ ನುಡಿಸುವ ಇಯಾನ್ ಸ್ಟೀವರ್ಟ್. ಆಮೇಲೆ ಹಾಡುವ ಮಿಕ್ ಜಾಗರ್, ಗಿಟಾರಿನ ಕೀತ್ ರಿಚರ್ಡ್ಸ್. ಅಮೆರಿಕದ ಗಾಯಕ ಮಡ್ಡಿ ವಾಟರ್ಸ್ ಹಾಡೊಂದರಿಂದ ಹೆಸರು ಎತ್ತಿಕೊಂಡವನೂ ಬ್ರಯನ್ನೇ. ಅದೇ ವರ್ಷ ಜುಲೈ 12ರಂದು ಮಾರ್ಕೀ ಕ್ಲಬ್ಬಿನಲ್ಲಿ ಮೊದಲ ಪ್ರೋಗ್ರಾಂ. ಮರುವರ್ಷ ಮ್ಯಾನೇಜರ್‌ಗಳ ಕರಾರಿಗೆ ಬ್ಯಾಂಡಿನ ಪರವಾಗಿ ಸಹಿ ಹಾಕಿದ್ದು ಅವನ ಕೈ.

ಈಗ ನುಡಿಸಿದ್ದರ ಬಗ್ಗೆ. ನನಗೆ ಹೇಳಬೇಕಾದದ್ದು ಇರುವುದೇ ಇಲ್ಲಿ.

ಗಿಟಾರಿನ ತಂತಿ ಮೇಲೆ ಸ್ಲೈಡ್ ಎಂಬ ಸಣ್ಣ ಕೊಳವೆ ಜಾರಿಸಿ ನುಡಿಸುವುದನ್ನು ಬ್ರಿಟನ್ನಿನಲ್ಲಿ ಮೊದಲು ಕಲಿತ ಕೆಲವರಲ್ಲಿ ಅವನೊಬ್ಬ. 1964ರ 'ಲಿಟಲ್ ರೆಡ್ ರೂಸ್ಟರ್' ಅಪ್ಪಟ ಬ್ಲೂಸ್, ಅಂದರೆ ಅಮೆರಿಕದ ಕಪ್ಪು ಜನರ ಹಾಡಿನ ಧಾಟಿ. ಅಂಥದ್ದು ಬ್ರಿಟನ್ನಿನ ಮಾರಾಟದ ಪಟ್ಟಿಯಲ್ಲಿ ಒಂದನೇ ಸ್ಥಾನಕ್ಕೆ ಹೋಯಿತು. ಅದರಲ್ಲಿ ಬ್ರಯನ್‌ನ ಸ್ಲೈಡ್ ತೆಗೆದರೆ ಉಳಿಯುವುದು ಎಂತ? 1966ಕ್ಕೆ ಬನ್ನಿ. 'ಪೇಂಟ್ ಇಟ್ ಬ್ಲ್ಯಾಕ್' ಹಾಡಿನ ಸಿತಾರ್ ಅವನದು. ಟೀವಿಯಲ್ಲಿ ಆ ಹಾಡು ಬಂದಾಗ ಬಿಳಿ ಬಟ್ಟೆ ಹಾಕಿಕೊಂಡು, ನೆಲದ ಮೇಲೆ ಚಕ್ಕಳಮಕ್ಕಳ ಕೂತು ಸಿತಾರ್ ಹಿಡಿದಿದ್ದಾನೆ. ನಮ್ಮ ಸಂಗೀತ ಕೇಳಿದವರಿಗೆ ಅದು ಶಾಸ್ತ್ರೀಯ ಸಿತಾರ್ ಅಲ್ಲ ಎಂದು ಕೂಡಲೇ ಗೊತ್ತಾಗ್ತದೆ. ಆಲಾಪ ಇಲ್ಲ, ಸ್ವರದಿಂದ ಸ್ವರಕ್ಕೆ ಜಾರುವ ಮೀಂಡ್ ಇಲ್ಲ. ಹಾಡಿನ ಧಾಟಿಯನ್ನೇ ಎತ್ತಿಕೊಂಡು ಹೋಗ್ತಾನೆ. ಆದರೆ ಆ ಹಾಡಿಗೆ ಬೇಕಾದ ಕತ್ತಲು ಆ ತಂತಿಯಿಂದಲೇ ಬಂತು. 'ಅಂಡರ್ ಮೈ ಥಂಬ್' ಕೇಳಿ: ಮರದ ಪಟ್ಟಿಗಳ ಮೇಲೆ ಕೋಲಿನಿಂದ ಬಾರಿಸುವ ಮರಿಂಬಾ. ಹಾಡು ನೆನಪಿಗೆ ಬಂದಾಗ ಮೊದಲು ಬರುವುದು ಅದೇ. 'ಲೇಡಿ ಜೇನ್'ನಲ್ಲಿ ಡಲ್ಸಿಮರ್ ಎಂಬ ತಂತಿವಾದ್ಯ. 'ರೂಬಿ ಟ್ಯೂಸ್‌ಡೇ'ಯಲ್ಲಿ ಕೊಳಲಿನಂಥ ರೆಕಾರ್ಡರ್ ಊದಿದವನೂ ಅವನೇ. 'ಸ್ಟ್ರೀಟ್ ಫೈಟಿಂಗ್ ಮ್ಯಾನ್' ಹಾಡಿನಲ್ಲಿ ತಂಬೂರಿಯ ಝೇಂಕಾರ ಕೂಡ ಉಂಟು. ಗಿಟಾರಿಗೆಂದು ಬಂದವನು ಕೈಗೆ ಸಿಕ್ಕಿದ್ದನ್ನೆಲ್ಲ ಹಾಡಿಗೆ ಒಗ್ಗಿಸಿಬಿಡುತ್ತಿದ್ದ.

ಇಷ್ಟೆಲ್ಲ ಮಾಡಿಯೂ ಆ ಹಾಡುಗಳ ಕೆಳಗೆ ಅವನ ಹೆಸರಿಲ್ಲ. 'ರೂಸ್ಟರ್' ಬೇರೆಯವರ ಹಾಡು, ಉಳಿದವುಗಳ ಕೆಳಗೆ ಜಾಗರ್, ರಿಚರ್ಡ್ಸ್, ಅಷ್ಟೇ. ಹಾಡು ಬರೆದವರು ಅವರು, ನಿಜ. ಮ್ಯಾನೇಜರ್ ಆಂಡ್ರೂ ಓಲ್ಡಮ್ ಅವರಿಬ್ಬರನ್ನೂ ಕೂರಿಸಿ ಬರೆಯಲು ಹಚ್ಚಿದ. ಬ್ರಯನ್‌ಗೆ ಹಾಡು ಕಟ್ಟಲು ಆಗಲಿಲ್ಲ. ಬರೆದವರಿಗೆ ಹೆಸರು, ಹೆಸರಿದ್ದವರಿಗೆ ರಾಯಲ್ಟಿ, ರಾಯಲ್ಟಿ ಇದ್ದವರ ಮಾತು ನಡೀತದೆ. ನಾಲ್ಕೇ ವರ್ಷದಲ್ಲಿ ಬ್ಯಾಂಡ್ ಕಟ್ಟಿದವನು ಮೂಲೆಯಲ್ಲಿ ನಿಂತ. ನಮ್ಮ ಕಡೆಯ ಯಕ್ಷಗಾನದ ಹ್ಯಾಂಡ್‌ಬಿಲ್ ನೋಡಿ, ಭಾಗವತರ ಜೊತೆಗೆ ಚೆಂಡೆ, ಮದ್ದಳೆಯವರ ಹೆಸರೂ ಹಿಮ್ಮೇಳ ಎಂದು ಅಚ್ಚಾಗಿರುತ್ತದೆ. ಅಷ್ಟು ಮರ್ಯಾದೆಯೂ ಆ ರೆಕಾರ್ಡಿನ ಚಕ್ರದ ಮೇಲೆ ಮರಿಂಬಾಕ್ಕೆ ಸಿಗಲಿಲ್ಲ.

ಹಾಗಂತ ಅವನನ್ನು ದೇವರು ಮಾಡಲು ನಾನು ತಯಾರಿಲ್ಲ. ಹೆಂಗಸರ ಮೇಲೆ ಕೈ ಮಾಡುತ್ತಿದ್ದ. ಹುಟ್ಟಿಸಿದ ಮಕ್ಕಳನ್ನು ನೋಡಿಕೊಳ್ಳಲಿಲ್ಲ. ಲೀಡರ್ ಎಂದು ಹೇಳಿಕೊಂಡು, ಉಳಿದವರಿಗೆ ಗೊತ್ತಿಲ್ಲದ ಹಾಗೆ ವಾರಕ್ಕೆ 5 ಪೌಂಡ್ ಜಾಸ್ತಿ ತೆಗೆದುಕೊಳ್ಳುತ್ತಿದ್ದ. 1967ರಲ್ಲಿ ಮೊರೊಕ್ಕೊ ಪ್ರವಾಸದ ಹೊತ್ತಿಗೆ ಗೆಳತಿ ಅನಿಟಾ ಪಾಲೆನ್‌ಬರ್ಗ್ ಅವನನ್ನು ಬಿಟ್ಟು ಕೀತ್ ಜೊತೆ ಹೋದಳು. ಗೆಳೆಯನೇ ಮೋಸ ಮಾಡಿದ ಎಂದು ಕಣ್ಣೀರು ಹಾಕುವ ಅಭಿಮಾನಿಗಳು, ಅವಳು ಹೊಡೆತ ತಿಂದಿದ್ದನ್ನು ಯಾಕೆ ಹೇಳುವುದಿಲ್ಲ? ಅವಳು ಹೋದದ್ದು ಸರಿ. ಅದೇ ವರ್ಷ ಡ್ರಗ್ಸ್ ಕೇಸು, ಮರುವರ್ಷ ಇನ್ನೊಂದು. ಕುಡಿತ, ಮಾತ್ರೆ, ಭಯ. ಸ್ಟುಡಿಯೋಗೆ ಬಂದರೆ ಬಂದ, ಇಲ್ಲದಿದ್ದರೆ ಇಲ್ಲ.

1968ರ 'ನೋ ಎಕ್ಸ್‌ಪೆಕ್ಟೇಷನ್ಸ್' ಹಾಡಿನ ಸ್ಲೈಡ್ ಕೇಳಿದರೆ ಮಾತ್ರ ನನ್ನ ಸಿಟ್ಟೆಲ್ಲ ಇಳಿದುಹೋಗ್ತದೆ. ಎಲ್ಲರೂ ನೆಲದ ಮೇಲೆ ಸುತ್ತ ಕೂತು ರೆಕಾರ್ಡ್ ಮಾಡಿದ್ದಂತೆ. ಬ್ರಯನ್ ಪೂರ್ತಿ ಮನಸ್ಸಿಟ್ಟು ಮಾಡಿದ ಕೊನೆಯ ಒಳ್ಳೆಯ ಕೆಲಸ ಅದು ಎಂದು ಜಾಗರ್ ಎಷ್ಟೋ ವರ್ಷಗಳ ನಂತರ ನೆನಪು ಮಾಡಿಕೊಂಡಿದ್ದಾರೆ. ಒಂದು ಸ್ವರವೂ ಜಾಸ್ತಿ ಇಲ್ಲ, ಗಡಿಬಿಡಿಯೂ ಇಲ್ಲ. ಜಾಗರ್ ಒಂದು ಸಾಲು ಹಾಡಿ ಬಿಡ್ತಾರೆ, ಆ ಖಾಲಿ ಜಾಗಕ್ಕೆ ಇವನು ಮೆಲ್ಲಗೆ ಬಂದು ಹೋಗ್ತಾನೆ.

1969ರ ಜೂನ್‌ನಲ್ಲಿ ಜಾಗರ್, ಕೀತ್ ಮತ್ತು ಡ್ರಮ್ಮರ್ ಚಾರ್ಲಿ ವಾಟ್ಸ್ ಮೂವರೂ ಅವನ ಮನೆಗೆ ಹೋಗಿ, ಇನ್ನು ನೀನು ಬ್ಯಾಂಡಿನಲ್ಲಿಲ್ಲ ಎಂದು ಹೇಳಿ ಬಂದರು. ಅಮೆರಿಕಾ ಟೂರ್ ಮಾಡಬೇಕಿತ್ತು. ಡ್ರಗ್ಸ್ ಕೇಸಿನಿಂದ ಅವನ ಪರ್ಮಿಟ್ಟಿಗೆ ತೊಡಕಿತ್ತು, ನುಡಿಸುವ ಸ್ಥಿತಿಯಲ್ಲೂ ಅವನು ಇರಲಿಲ್ಲ. ರೆಕಾರ್ಡುಗಳ ಬಗ್ಗೆ ಉಳಿದವರ ಜೊತೆ ಅಭಿಪ್ರಾಯ ಹೊಂದುತ್ತಿಲ್ಲ ಎಂದು ಬ್ರಯನ್ ಹೇಳಿಕೆ ಕೊಟ್ಟ. ತಿಂಗಳು ತುಂಬುವುದರೊಳಗೆ, ಜುಲೈ 3ಕ್ಕೆ, ತೀರಿಕೊಂಡ. ಆಕಸ್ಮಿಕ ಸಾವು ಎಂದು ವಿಚಾರಣೆಯಲ್ಲಿ ಬರೆದರು. 5ಕ್ಕೆ ಹೈಡ್ ಪಾರ್ಕಿನಲ್ಲಿ, ಹೊಸ ಗಿಟಾರಿಸ್ಟ್ ಮಿಕ್ ಟೇಲರ್‌ನನ್ನು ತೋರಿಸಲೆಂದು ಮೊದಲೇ ಗೊತ್ತುಮಾಡಿದ್ದ ಪ್ರೋಗ್ರಾಂನಲ್ಲಿ, ಜಾಗರ್ ಇಂಗ್ಲಿಷ್ ಕವಿ ಶೆಲ್ಲಿಯ ಪದ್ಯ ಓದಿದರು, ಬಿಳಿ ಚಿಟ್ಟೆಗಳನ್ನು ಹಾರಿಬಿಟ್ಟರು. ಎಷ್ಟೋ ಚಿಟ್ಟೆಗಳು ಪೆಟ್ಟಿಗೆಯೊಳಗೇ ಸತ್ತಿದ್ದವು. ಚೆಲ್ಟನಮ್‌ನಲ್ಲಿ ಮಣ್ಣು ಮಾಡುವಾಗ ಬ್ಯಾಂಡಿನಿಂದ ಹೋದವರು ವಾಟ್ಸ್ ಮತ್ತು ಬಾಸ್ ಗಿಟಾರಿನ ಬಿಲ್ ವೈಮನ್.

ಹೊರಗೆ ಹಾಕಿದ್ದು ತಪ್ಪಾ ಎಂದು ಕೇಳಿದರೆ, ಅಲ್ಲ ಅಂತೇನೆ. ಇದನ್ನು ನನಗೆ ಅರ್ಥ ಮಾಡಿಸಿದ್ದು ಮಂಗಳೂರಿನ ಒಬ್ಬರು ಗಿಟಾರಿಸ್ಟ್. ಹೆಸರು ಬೇಡ, ಮನೆಯವರಿದ್ದಾರೆ. ನಾವು ಕಾಲೇಜಿನಲ್ಲಿರುವಾಗ ಕ್ರಿಶ್ಚಿಯನ್ ಮದುವೆಗಳ ರಿಸೆಪ್ಷನ್ ಬ್ಯಾಂಡಿನಲ್ಲಿ ಲೀಡ್ ನುಡಿಸುತ್ತಿದ್ದರು. ಕೇಕ್ ಕತ್ತರಿಸುವಾಗ ಮೆಲ್ಲಗೆ, ಬೈಲಾ ಶುರುವಾದ ಮೇಲೆ ಹಾಲ್ ಇಡೀ ಎದ್ದು ಕುಣಿಯುವ ಹಾಗೆ. ಕುಡಿತ ಜಾಸ್ತಿಯಾಗಿ ಒಂದು ಸೀಸನ್‌ನಲ್ಲಿ ಬ್ಯಾಂಡಿನವರು ಬಿಟ್ಟುಬಿಟ್ಟರು. ಆಮೇಲೆ ಕಂಕನಾಡಿಯ ಅವರ ರೂಮಿಗೆ ನಾವು ಕೆಲವರು ಹೋಗುತ್ತಿದ್ದೆವು. ಟೇಪ್ ರೆಕಾರ್ಡರ್‌ನಲ್ಲಿ ಸ್ಟೋನ್ಸ್ ಕ್ಯಾಸೆಟ್ ಹಾಕಿ, ಮರಿಂಬಾ ಬರುವಲ್ಲಿ ಮೇಜಿನ ಮೇಲೆ ಎರಡು ಬೆರಳಿನಲ್ಲಿ ಅದನ್ನೇ ಬಾರಿಸುತ್ತಿದ್ದರು. "ಹಾಡುವವನನ್ನು ಬಿಡು ಮಾರಾಯ, ಇದನ್ನು ಕೇಳು."

"ಅಂಕಲ್, ನಿಮ್ಮನ್ನು ತೆಗೆದದ್ದು ಸರಿಯಾ?" ಎಂದು ನಮ್ಮಲ್ಲೊಬ್ಬ ಕೇಳಿಯೇ ಬಿಟ್ಟ.

"ಸರಿಯೇ. ಮದುಮಗಳು ಹಾಲಿನ ಬಾಗಿಲಲ್ಲಿ ನಿಂತಿದ್ದಾಳೆ, ನಾನು ಇನ್ನೂ ಬಂದಿಲ್ಲ. ಅವರು ಎಂತ ಮಾಡ್ಬೇಕು? ಆದರೆ ಮದುಮಕ್ಕಳು ಹಾಲಿಗೆ ಬರುವ ಮಾರ್ಚಿಗೆ ನಾನು ಕಟ್ಟಿದ ಪೀಸನ್ನು ಅವರು ಈಗಲೂ ನುಡಿಸ್ತಾರೆ. ಅದು ಇವನದ್ದು ಅಂತ ಹೇಳಬಹುದಿತ್ತು ಅಲ್ವಾ? ಅದಕ್ಕೇನು ದುಡ್ಡು ಬೇಕಾ?"

ನಾನು ಹೇಳುವುದೂ ಅದನ್ನೇ. ತೆಗೆಯಿರಿ, ಬೇರೆಯವರನ್ನು ತನ್ನಿ, ಬ್ಯಾಂಡ್ ನಡೆಯಲೇಬೇಕು. ಜೊತೆಗೆ ಈ ತುಣುಕು ಅವನದು ಎಂದೂ ಹೇಳಿ. ರಾಕ್ ಆ್ಯಂಡ್ ರೋಲ್ ಹಾಲ್ ಆಫ್ ಫೇಮ್‌ನವರು 1989ರಲ್ಲಿ ಸ್ಟೋನ್ಸ್‌ಗೆ ಗೌರವ ಕೊಟ್ಟಾಗ ಬ್ರಯನ್‌ನನ್ನೂ ಇಯಾನ್ ಸ್ಟೀವರ್ಟ್‌ನನ್ನೂ ಸೇರಿಸಿದರು. ಒಳ್ಳೆಯದೇ ಮಾಡಿದರು. ಆಗ ಇಬ್ಬರೂ ಇರಲಿಲ್ಲ.

ನಮ್ಮ ಅಂಕಲ್ ಕೂಡ ಈಗ ಇಲ್ಲ. ಅವರ ಒಂದೂ ರೆಕಾರ್ಡಿಂಗ್ ನನ್ನ ಹತ್ತಿರ ಇಲ್ಲ. ಆದರೆ ತೊಂಬತ್ತರ ದಶಕದ ಮದುವೆ ವೀಡಿಯೊ ಕ್ಯಾಸೆಟ್‌ಗಳು ಮಂಗಳೂರು, ಉಡುಪಿಯ ಎಷ್ಟೋ ಮನೆಗಳ ಕಪಾಟಿನಲ್ಲಿ ಇನ್ನೂ ಉಂಟು. ಕ್ಯಾಮೆರಾ ಮದುಮಕ್ಕಳ ಮೇಲಿರುವಾಗಲೂ ಬ್ಯಾಂಡಿನ ಸದ್ದು ಅದರಲ್ಲಿ ಬಿದ್ದೇ ಬಿದ್ದಿರುತ್ತದೆ. ಫಂಗಸ್ ಹಿಡಿಯುವ ಮೊದಲು ಅವನ್ನು ಕಂಪ್ಯೂಟರಿಗೆ ಹಾಕಿಸಿ. ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಯಾವ ಬ್ಯಾಂಡ್, ಲೀಡ್ ಯಾರು, ಡ್ರಮ್ಸ್ ಯಾರು ಎಂದು ಕೇಳಿ ಬರೆದಿಡಿ. ಸಿಕ್ಕಿದರೆ ನನಗೂ ಒಂದು ಮೆಸೇಜ್ ಹಾಕಿ, ಪೆನ್‌ಡ್ರೈವ್ ಹಿಡಿದುಕೊಂಡು ನಾನೇ ಬರ್ತೇನೆ.